ಸುಧಾರಣೆ ಕಂಡುಬಂದಿದೆ

ಬೋರ್ಡಿನ ಮುಂದೆ ಹೋಗಬೇಕಾದ ದಿನ ಶಂಕ್ರೆಪ್ಪ ಅಂಗಿಯ ಗುಂಡಿಗಳನ್ನು ತಾನೇ ಹಾಕಿಕೊಂಡ. ಎಡಗೈ ಒಂದರಲ್ಲೇ, ಕೆಳಗಿನಿಂದ ಮೇಲಕ್ಕೆ, ನಾಲಿಗೆಯನ್ನು ಹಲ್ಲಿನ ನಡುವೆ ಕಚ್ಚಿ ಹಿಡಿದು. ನಾಗವೇಣಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಓರೆಗಣ್ಣಿನಲ್ಲಿ ನೋಡುತ್ತಿದ್ದಳು. ನೆರವಿಗೆ ಹೋದರೆ ಅವನಿಗೆ ಸಿಟ್ಟು ಬರುತ್ತದೆಂದು ಅವಳಿಗೆ ಗೊತ್ತಿತ್ತು. ಕೊರಳ ಹತ್ತಿರದ ಗುಂಡಿ ಮೂರು ಸಲ ಜಾರಿ, ಕೊನೆಗೊಮ್ಮೆ ಸೇರಿಕೊಂಡಾಗ ಅವನು ತಲೆಯೆತ್ತಿ ಅವಳ ಕಡೆ ನೋಡಿದ. ಮದುವೆಯಾದ ಹೊಸದರಲ್ಲಿ ಕುಸ್ತಿ ಗೆದ್ದು ಮನೆಗೆ ಬಂದಾಗ ನೋಡುತ್ತಿದ್ದನಲ್ಲ, ಹಾಗೆ.

"ಭಾಳ ಚೊಲೊ ಕಾಣ್ತೀರಿ ನೋಡ್ರಿ," ಅಂದಳು ನಾಗವೇಣಿ.

ಅವರು ಸಿಂದಗಿ ತಾಲೂಕಿನವರು. ಮಗಳು ಸುಲೋಚನಾ ಕಂಕುಳ ಕೂಸಾಗಿದ್ದಾಗ ಮರಾಠಿ ನಾಡಿನ ಠಾಣೆ ಶಹರದ ಪಕ್ಕದ ಕಳವಾಕ್ಕೆ ಬಂದು, ಖಾಡಿ ಅನ್ನುವ ಸಮುದ್ರದ ಹಿನ್ನೀರಿನ ಹತ್ತಿರದ ಒಂದು ಚಾಳಿನಲ್ಲಿ ಖೋಲಿ ಹಿಡಿದಿದ್ದರು. ಶಂಕ್ರೆಪ್ಪ ರಬಾಳೆಯ ಒಂದು ಉಕ್ಕಿನ ಕಾರ್ಖಾನೆಯಲ್ಲಿ ಭಾರ ಎತ್ತುವ ಸರಪಳಿಯ ಕೆಲಸಕ್ಕೆ ಸೇರಿದ. ನಾಗವೇಣಿ ಊರ ಕಡೆಯಿಂದ ಬಂದ ಒಂಟಿ ಗಂಡಸರಿಗೆ ರೊಟ್ಟಿ, ಪಲ್ಯ ಮಾಡಿ ಕೊಡುತ್ತಿದ್ದಳು. ತೊಂಬತ್ಮೂರರ ಮಳೆಗಾಲದಲ್ಲಿ ಒಂದು ದಿನ ಸರಪಳಿ ಕಡಿದು, ಕಬ್ಬಿಣದ ಕೊಕ್ಕೆ ಬೀಸಿ ಬಂದು ಶಂಕ್ರೆಪ್ಪನ ತಲೆಯ ಎಡಭಾಗಕ್ಕೆ ಬಡಿಯಿತು. ಜೀವ ಉಳಿಯಿತು. ಬಲಗೈ, ಬಲಗಾಲು ಲಕ್ವಾ ಹೊಡೆದಂತಾದವು. ಮಾತು ಹೋಯಿತು.

ಕಾರ್ಮಿಕರ ಸರ್ಕಾರಿ ವಿಮೆಗೆ ಅವನ ಪಗಾರದಿಂದ ತಿಂಗಳು ತಿಂಗಳು ಹಣ ಮುರಿಯುತ್ತಿದ್ದರು. ಕೆಲಸದ ಮೇಲೆ ಪೆಟ್ಟಾದವನನ್ನು ಡಾಕ್ಟರುಗಳ ಬೋರ್ಡು ಪರೀಕ್ಷೆ ಮಾಡುತ್ತದೆ. ದುಡಿಯುವ ಶಕ್ತಿ ನೂರಕ್ಕೆ ಎಷ್ಟು ಹೋಗಿದೆ ಎಂದು ತೀರ್ಮಾನಿಸುತ್ತದೆ. ಅಷ್ಟಕ್ಕೆ ತಕ್ಕಂತೆ ತಿಂಗಳಿಗಿಷ್ಟು ಅಂತ ಬರುತ್ತದೆ. ಮೊದಲನೆಯ ಸಲ ಬೋರ್ಡಿನವರು ನೋಡಿದಾಗ ಶಂಕ್ರೆಪ್ಪ ಸ್ಟ್ರೆಚರಿನ ಮೇಲಿದ್ದ. ಎಂಬತ್ತು ಅಂತ ಬರೆದರು. ಆದರೆ ಅದು ತಾತ್ಕಾಲಿಕ. ಮನುಷ್ಯ ಸುಧಾರಿಸಬಹುದು, ಆದ್ದರಿಂದ ಎರಡು ವರ್ಷದ ಮೇಲೆ ಮತ್ತೆ ನೋಡುತ್ತೇವೆ ಅಂದಿದ್ದರು. ಈಗ ಆ ಎರಡು ವರ್ಷ ಮುಗಿದಿತ್ತು.

ಈ ಅವಧಿಯಲ್ಲಿ ಅವನ ಬಾಯಿಗೆ ಮರಳಿ ಬಂದಿದ್ದು ನಾಲ್ಕೇ ಮಾತು. ಹೂಂ, ಬ್ಯಾಡ, ಸುಲೂ, ಮತ್ತು ಅವನ ಹೆಸರು. ಮೊದಲ ಮೂರು ತಾವಾಗಿಯೇ ಬಂದವು. ಹೆಸರನ್ನು ನಾಗವೇಣಿ ಕಲಿಸಿದಳು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ರೂಢಿ ಅವರ ಮನೆತನದಲ್ಲಿ ಇರಲಿಲ್ಲ. ಮದುವೆಯಾಗಿ ಅಷ್ಟು ವರ್ಷವಾದರೂ ಅವಳು ಒಮ್ಮೆಯೂ ಹೇಳಿದವಳಲ್ಲ. ಮಧ್ಯಾಹ್ನ ಚಾಳೆಲ್ಲ ಮಲಗಿದ ಹೊತ್ತಿನಲ್ಲಿ ಬಾಗಿಲು ಮುಂದಕ್ಕೆ ಮಾಡಿ, ಸೆರಗನ್ನು ಬಾಯಿಗೆ ಅಡ್ಡ ಹಿಡಿದು, "ಶಂ," ಅಂದಳು. ನಾಚಿಕೆಯಿಂದ ನಗು ಬಂತು. ಅವನಿಗೂ ನಗು ಬಂತು, ಬಾಯಿಯ ಒಂದೇ ಬದಿಯಲ್ಲಿ. "ಶಂ" ಬರಲು ಒಂದು ಬೇಸಿಗೆ ಹಿಡಿಯಿತು. "ಕ್ರೆಪ್ಪ" ಬರುವಷ್ಟರಲ್ಲಿ ದೀಪಾವಳಿ ದಾಟಿತ್ತು. ಆ ದಿನ ನಾಗವೇಣಿ ಹೋಳಿಗೆ ಮಾಡಿದ್ದಳು.

ಬೋರ್ಡಿನ ದಿನ ಠಾಣೆಯ ಸರ್ಕಾರಿ ಕಟ್ಟಡದಲ್ಲಿ ಮೇಜಿನ ಹಿಂದೆ ಮೂವರು ಡಾಕ್ಟರುಗಳಿದ್ದರು. ನಡುವಿನವರು ಮರಾಠಿಯಲ್ಲಿ ಅವನ ಹೆಸರು ಕೇಳಿದರು.

ಶಂಕ್ರೆಪ್ಪ ಉಸಿರು ಎಳೆದುಕೊಂಡ. ಕೊರಳ ನರ ಉಬ್ಬಿತು. "ಶಂ... ಕ್ರೆಪ್ಪ."

"ಶಾಬಾಸ್," ಅಂದರು ಡಾಕ್ಟರು. ನಿಜವಾಗಿಯೂ ಖುಷಿಪಟ್ಟೇ ಅಂದರು. ಎದ್ದು ನಿಲ್ಲಲು ಹೇಳಿದರು, ಬಾಗಿಲ ತನಕ ನಡೆಯಲು ಹೇಳಿದರು. ಅವನು ಕೋಲೂರಿ, ಬಲಗಾಲು ಎಳೆಯುತ್ತ ಹೋಗಿ ಬಂದ. ಅಂಗಿ ಯಾರು ತೊಡಿಸಿದರು ಎಂದು ಕೇಳಿದಾಗ ಎಡಗೈಯಿಂದ ತನ್ನ ಎದೆ ಮುಟ್ಟಿ ತೋರಿಸಿದ. ಆಮೇಲೆ ಡಾಕ್ಟರು ನಾಗವೇಣಿಯ ಕಡೆ ತಿರುಗಿದರು. ಮನೆಯಲ್ಲಿ ಹೇಗಿದ್ದಾರೆ ಎಂದು ಹಿಂದಿಯಲ್ಲಿ ಕೇಳಿದರು. ಅವಳು ತನಗೆ ಬರುತ್ತಿದ್ದ ಮುರುಕು ಹಿಂದಿಯಲ್ಲಿ, ಚೆನ್ನಾಗಿದ್ದಾರೆ ಸಾಹೇಬ್, ಚಹಾ ತಾವೇ ಕುಡಿಯುತ್ತಾರೆ, ಓಣಿಯ ತುದಿಯವರೆಗೆ ಹೋಗಿ ಬರುತ್ತಾರೆ ಎಂದು ಹೇಳಿದಳು. ಹೇಳುವಾಗ ಅವಳ ದನಿಯಲ್ಲಿ ಹೆಮ್ಮೆಯಿತ್ತು. ದೊಡ್ಡವರ ಎದುರು ಗಂಡನ ಮಾನ ಎತ್ತಿ ಹಿಡಿಯುವುದಲ್ಲದೆ ಮತ್ತೇನು ಮಾಡಬೇಕೆಂದು ಅವಳಿಗೆ ಯಾರು ತಾನೇ ಹೇಳಿದ್ದರು?

ಬರುವಾಗ ಸ್ಟೇಷನ್ ಹೊರಗೆ ಇಬ್ಬರೂ ನಿಂತು ವಡಾಪಾವ್ ತಿಂದರು. ಶಂಕ್ರೆಪ್ಪ ಖಾರ ಹೆಚ್ಚಾಗಿ ಕಣ್ಣಲ್ಲಿ ನೀರು ತಂದುಕೊಂಡು, ಇನ್ನೊಂದು ಬೇಕೆಂದು ಕೈ ತೋರಿಸಿದ.

ತೀರ್ಮಾನದ ಕಾಗದವನ್ನು ಓದಿ ಹೇಳಿದ್ದು ಲೀಲಾಧರ. ಉಡುಪಿ ಕಡೆಯವರು, ಡೊಂಬಿವಲಿಯಲ್ಲಿ ಮನೆ. ಕಾರ್ಮಿಕ ಸಂಘದ ಕಚೇರಿಯಲ್ಲಿ ಗಾಯಾಳುಗಳ ಕೇಸುಗಳನ್ನು ನೋಡಿಕೊಳ್ಳುತ್ತಿದ್ದರು. ಪೆಟ್ಟಾದ ದಿನದಿಂದ ಈ ಮನೆಯ ಎಲ್ಲ ಓಡಾಟ ಅವರದೇ. ಆ ದಿನ ಅವರು ಕಾಗದವನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಒರೆಸಿಕೊಂಡರು.

"ಮೂವತ್ತಕ್ಕೆ ಇಳಿಸಿದ್ದಾರೆ ಮಾರಾಯ್ರೆ. ಸುಧಾರಣೆ ಕಂಡುಬಂದಿದೆ ಅಂತ ಬರ್ದಿದ್ದಾರೆ. ಮಾತಾಡ್ತಾರೆ, ನಡೀತಾರೆ, ಸ್ವಂತ ಬಟ್ಟೆ ಹಾಕಿಕೊಳ್ತಾರೆ ಅಂತ." ನಾಗವೇಣಿಯ ಕಡೆ ತಿರುಗಿ, "ನೀವು ಎಂತ ಹೇಳಿದ್ದು ಅಲ್ಲಿ?" ಎಂದರು.

ನಾಗವೇಣಿ ಹೇಳಿದಳು. ಲೀಲಾಧರ ಕಾಗದವನ್ನು ಮಡಚಿಟ್ಟರು.

"ಅಲ್ಲ, ತಪ್ಪು ನಂದು. ನಾನು ಮೊದಲೇ ಹೇಳ್ಬೇಕಿತ್ತು. ಅಲ್ಲಿ ಹೋಗಿ ಒಳ್ಳೇದು ಹೇಳ್ಲಿಕ್ಕಿಲ್ಲ ತಾಯಿ. ಅವರಿಗೆ ಬೇಕಾದ್ದು ಒಂದೇ, ಏನು ಆಗುದಿಲ್ಲ ಅಂತ. ಎಲ್ಲದಕ್ಕಿಂತ ಕೆಟ್ಟ ದಿನ ಯಾವುದೋ, ಅದನ್ನು ಹೇಳ್ಬೇಕು. ಸುಳ್ಳು ಬೇಡ. ನಿಜವೇ ಹೇಳಿ. ಆದ್ರೆ ಮುಚ್ಚಿಟ್ಟದ್ದನ್ನು ಹೇಳಿ."

ನಾಗವೇಣಿ ಮುಚ್ಚಿಟ್ಟದ್ದು ಇತ್ತು.

ಶಂಕ್ರೆಪ್ಪನಿಗೆ ನಿದ್ದೆಯಲ್ಲಿ ಹಾಸಿಗೆಯಲ್ಲೇ ಆಗಿಬಿಡುತ್ತಿತ್ತು. ದಿನಾ ಅಲ್ಲ, ಆದರೂ ಆಗುತ್ತಿತ್ತು. ಬೆಳಗಿನ ನೀರು ಬರುವ ಮೊದಲೇ ನಾಗವೇಣಿ ಎದ್ದು, ಡ್ರಮ್ಮಿನಲ್ಲಿ ಹಿಡಿದಿಟ್ಟ ನೀರಿನಿಂದ ಚಾದರ ತೊಳೆದು, ನಳದ ಹತ್ತಿರ ಹೆಂಗಸರು ಸೇರುವಷ್ಟರಲ್ಲಿ ಒಣಗಲು ಹಾಕಿಬಿಡುತ್ತಿದ್ದಳು. ಸುಲೋಚನಾ ಕೇಳಿದರೆ ತಂಬಿಗೆ ಉರುಳಿತು ಅನ್ನುತ್ತಿದ್ದಳು. ಊರಿನಿಂದ ಮೈದುನ ಬಂದಿದ್ದಾಗಲೂ ಗೊತ್ತಾಗಗೊಡಲಿಲ್ಲ. ಅವಳು ಮುಚ್ಚಿಡುತ್ತಾಳೆಂದು ಶಂಕ್ರೆಪ್ಪನಿಗೆ ಗೊತ್ತಿತ್ತು. ಆ ಬಗ್ಗೆ ಇಬ್ಬರ ನಡುವೆ ಒಂದು ಸನ್ನೆಯೂ ಆಗಿರಲಿಲ್ಲ. ಅವಳು ಒದ್ದೆ ಚಾದರ ಎಳೆಯುವಾಗ ಅವನು ಕಣ್ಣು ಮುಚ್ಚಿಕೊಂಡು ಮಲಗಿದವನಂತೆ ಇರುತ್ತಿದ್ದ. ಅವಳು ಅವನಿಗೆ ನಿದ್ದೆ ಹತ್ತಿದೆ ಅಂದುಕೊಂಡವಳಂತೆ ಇರುತ್ತಿದ್ದಳು.

ಇನ್ನೊಂದೂ ಇತ್ತು. ಹಿಂದಿನ ವರ್ಷ ಒಂದು ಸಂಜೆ ಸುಲೋಚನಾ ಶಾಲೆಯಿಂದ ಬಂದಾಗ ಅವನು ಹೆದರಿದವನಂತೆ ಗೋಡೆಗೆ ಸರಿದು, ಬ್ಯಾಡ ಬ್ಯಾಡ ಅಂತ ಕೋಲೆತ್ತಿದ್ದ. ಅವಳು ಯಾರೆಂದು ಅವನಿಗೆ ತಿಳಿದಿರಲಿಲ್ಲ. ಅಪ್ಪ ಚೇಷ್ಟೆ ಮಾಡ್ತಾರ ಅಂತ ನಾಗವೇಣಿ ನಕ್ಕು, ಹುಡುಗಿಯನ್ನು ಸಕ್ಕರೆ ತರಲು ಅಂಗಡಿಗೆ ಕಳಿಸಿದ್ದಳು. ಅವಳು ಬರುವಷ್ಟರಲ್ಲಿ ಅವನು ಸರಿಹೋಗಿದ್ದ.

"ಅಪೀಲು ಹಾಕುವ," ಅಂದರು ಲೀಲಾಧರ. "ಅಲ್ಲಿ ದೊಡ್ಡ ಬೋರ್ಡು ಕೂತ್ಕೊಳ್ತದೆ. ನಾನು ಒಟ್ಟಿಗೆ ಬರ್ತೇನೆ. ನೀವು ಕನ್ನಡದಲ್ಲಿ ಹೇಳಿ, ನಾನು ಮರಾಠಿಯಲ್ಲಿ ಹೇಳ್ತೇನೆ."

ನಾಗವೇಣಿ ಬಾಗಿಲ ಹೊರಗೆ ಬಿಸಿಲಿಗೆ ಕುಳಿತಿದ್ದ ಗಂಡನನ್ನು ನೋಡಿ ದನಿ ತಗ್ಗಿಸಿದಳು. "ಅಣ್ಣಾರ, ನಾ ಹೇಳೂ ಹೊತ್ತಿನಾಗ ಅವರನ್ನ ಹೊರಗ ಕೂಡಿಸಬಹುದೇನ್ರಿ?"

"ಅವರನ್ನು ನೋಡ್ಲಿಕ್ಕೇ ಅಲ್ವಾ ಬೋರ್ಡು ಕೂರುದು? ಆಗುದಿಲ್ಲ ಅಂತ ಕಾಣ್ತದೆ."

ಆ ಚಳಿಗಾಲವಿಡೀ ಕಷ್ಟದಲ್ಲೇ ಹೋಯಿತು. ಬರುವ ಹಣ ಅರ್ಧಕ್ಕಿಂತ ಕಡಿಮೆಯಾದಾಗ ತಲೆಗೆ ಪೆಟ್ಟಾದಾಗಿನಿಂದ ಫಿಟ್ಸ್ ಬರದಂತೆ ಅವನಿಗೆ ಕೊಡುತ್ತಿದ್ದ ಗುಳಿಗೆಯನ್ನು ಬಿಟ್ಟುಬಿಟ್ಟು ತರುವಂತಾಯಿತು. ಒಂದು ದಿನ ಅವನಿಗೆ ಫಿಟ್ಸ್ ಬಂದು, ಬಿದ್ದು ಹಣೆ ಒಡೆಯಿತು. ಅಂದು ನಾಗವೇಣಿ ಹೇಳಲೇಬೇಕೆಂದು ಗಟ್ಟಿ ಮಾಡಿಕೊಂಡಳು.

ಅಪೀಲಿನ ದಿನ ಮೆಟ್ಟಿಲು ಹತ್ತಿಸಲು ಒಂದು ಬದಿ ಆಸರೆ ಬೇಕೆಂದು ಸುಲೋಚನಾಳನ್ನೂ ಕರೆದುಕೊಂಡು ಬಂದಿದ್ದರು. ಹುಡುಗಿ ಮುನಿಸಿಪಾಲ್ಟಿ ಶಾಲೆಯಲ್ಲಿ ಮರಾಠಿಯಲ್ಲೇ ಓದುತ್ತಿದ್ದಳು. ಕನ್ನಡದಲ್ಲಿ ಕೇಳಿದ್ದಕ್ಕೆ ಮರಾಠಿಯಲ್ಲಿ ಉತ್ತರ ಕೊಡುವವಳು. ಶಂಕ್ರೆಪ್ಪ ಇವತ್ತೂ ಗುಂಡಿ ತಾನೇ ಹಾಕಿಕೊಂಡಿದ್ದ. ಬೇಡ ಎನ್ನಲು ನಾಗವೇಣಿಗೆ ಬಾಯಿ ಬಂದಿರಲಿಲ್ಲ.

ಅವರ ಹೆಸರು ಕೂಗಿದಾಗ ಲೀಲಾಧರರೂ ಎದ್ದರು. ಬಾಗಿಲಲ್ಲಿದ್ದ ಸಿಪಾಯಿ ಕೈ ಅಡ್ಡ ಹಿಡಿದ. ಮನೆಯವರು ಮಾತ್ರ ಅಂದ. ಲೀಲಾಧರ ವಾದ ಮಾಡಿದರು. ಈ ಹೆಂಗಸಿಗೆ ಮರಾಠಿ ಬರುವುದಿಲ್ಲ, ನಾನು ಹೇಳಬೇಕು ಅಂದರು. ಒಳಗಿನಿಂದ ಒಬ್ಬ ಅಧಿಕಾರಿ ಬಾಗಿಲಿಗೆ ಬಂದು, ಸಂಘದವರನ್ನು ಒಳಗೆ ಬಿಡುವ ಪದ್ಧತಿ ಇಲ್ಲವೆಂದ. ಸುಲೋಚನಾಳ ಶಾಲೆಯ ಸಮವಸ್ತ್ರ ನೋಡಿ, "ಮುಲಗೀಲಾ ಮರಾಠಿ ಯೇತಂ ನಾ?" ಅಂತ ಕೇಳಿದ. ಹುಡುಗಿಗೆ ಮರಾಠಿ ಬರುತ್ತದಲ್ಲ, ಅವಳೇ ಹೇಳಲಿ.

ಸುಲೋಚನಾ ಸಂಭ್ರಮದಿಂದ ತಲೆಯಾಡಿಸಿದಳು. "ಮೀ ಸಾಂಗತೆ, ಅವ್ವಾ. ನಾನು ಹೇಳ್ತೀನಿ."

ನಾಗವೇಣಿ ಲೀಲಾಧರರ ಮುಖ ನೋಡಿದಳು. ಅವರು ಕಣ್ಣು ಕೆಳಗೆ ಮಾಡಿದರು. ಬಾಗಿಲು ಮುಚ್ಚಿತು.

ಒಳಗೆ ಮೇಜಿನ ಹಿಂದೆ ಇಬ್ಬರು ಗಂಡಸರು, ಒಬ್ಬ ವಯಸ್ಸಾದ ಡಾಕ್ಟರಮ್ಮ. ಹೆಸರು ಕೇಳಿದರು. ಶಂಕ್ರೆಪ್ಪ ಈ ಸಲ ಹಿಂದಿನದಕ್ಕಿಂತ ಸರಾಗವಾಗಿ ಹೇಳಿದ. ಅಪ್ಪ ಹೇಳಿದ್ದಕ್ಕೆ ಸುಲೋಚನಾ ನಕ್ಕಳು. ನಡುವೆ ಕುಳಿತಿದ್ದವರು ಹಿಂದಿನ ವರದಿಯ ಮೇಲೆ ಬೆರಳಿಟ್ಟು, ಪಕ್ಕದವರಿಗೆ ಮೆಲ್ಲಗೆ ಏನೋ ಹೇಳಿದರು. ಪಕ್ಕದವರು ತಲೆಯಾಡಿಸಿ ಪೆನ್ನಿನ ಮುಚ್ಚಳ ಹಾಕತೊಡಗಿದರು.

ಆ ಮುಚ್ಚಳ ನೋಡಿ ನಾಗವೇಣಿಗೆ ದಿಗಿಲಾಯಿತು.

"ಹೆಸರೊಂದ ಬರ್ತೈತ್ರಿ ಸಾಹೇಬ್ರ," ಅಂದಳು, ತಾನು ಅಂದುಕೊಂಡಿದ್ದಕ್ಕಿಂತ ಜೋರಾಗಿ. "ಅದನ್ನ ನಾನ ಕಲಿಸೇನ್ರಿ, ಗಿಣಿಗೆ ಕಲಿಸಿಧಂಗ. ಅದರ ಹೊರತು ಮಾತಿಲ್ಲ."

ಸುಲೋಚನಾ ಅವಳನ್ನು ನೋಡಿದಳು. ಆಮೇಲೆ ಮರಾಠಿಯಲ್ಲಿ ಹೇಳಿದಳು. ಗಿಣಿಯ ಮಾತು ಬಂದಾಗ ದನಿ ಸಣ್ಣದಾಯಿತು. ಮರಾಠಿ ಶಂಕ್ರೆಪ್ಪನಿಗೂ ತಿಳಿಯುತ್ತಿತ್ತು; ಹತ್ತು ವರ್ಷ ಆ ಭಾಷೆಯವರ ನಡುವೆ ದುಡಿದವನು. ಎರಡೂ ಭಾಷೆಯಲ್ಲಿ ಅವನು ಅದನ್ನು ಕೇಳಿಸಿಕೊಂಡ.

ಡಾಕ್ಟರಮ್ಮ ಕೇಳಿದರು: ಊಟ? ಸ್ನಾನ?

"ಜಳಕಾ ನಾನ ಮಾಡಸ್ತೀನ್ರಿ. ರೊಟ್ಟಿ ಮುರದು ಕೊಡಬೇಕು."

ಪಾಯಖಾನೆ? ಮೂತ್ರ?

ನಾಗವೇಣಿ ಗಂಡನ ಕಡೆ ನೋಡಲಿಲ್ಲ. ಮೇಜಿನ ಮೇಲಿನ ನೀರಿನ ಲೋಟವನ್ನು ನೋಡುತ್ತ ಹೇಳಿದಳು. "ನಿದ್ದಿಯೊಳಗ ಹಾಸಿಗ್ಯಾಗ ಆಗ್ತೈತ್ರಿ. ಎರಡು ವರ್ಷಾತು. ಸಣ್ಣ ಕೂಸಿನಗತೆ. ನಾ ಯಾರಿಗೂ ಹೇಳಿಲ್ರಿ. ಈ ಹುಡುಗಿಗೂ ಗೊತ್ತಿಲ್ಲ."

ಸುಲೋಚನಾ ಬಾಯಿ ತೆರೆದಳು, ಮುಚ್ಚಿದಳು. ಮತ್ತೆ ತೆರೆದು, ಶಾಲೆಯಲ್ಲಿ ಪಾಠ ಒಪ್ಪಿಸುವವಳಂತೆ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು. ಈ ಹುಡುಗಿಗೂ ಗೊತ್ತಿಲ್ಲ ಎಂಬುದನ್ನೂ ಬಿಡದೆ ಹೇಳಿದಳು.

"ಬ್ಯಾಡ," ಅಂದ ಶಂಕ್ರೆಪ್ಪ.

ಮೆಲ್ಲಗೆ ಅಂದಿದ್ದ. ಡಾಕ್ಟರಮ್ಮ ತಲೆಯೆತ್ತಿದರು. "ಕಾಯ್ ಮ್ಹಣತಾತ್ ತೇ?" ಏನು ಹೇಳುತ್ತಿದ್ದಾರೆ ಅವರು?

ಸುಲೋಚನಾ ಅವ್ವನ ಕಡೆ ತಿರುಗಿದಳು. ಅವರಿಗೆ ಎಲ್ಲ ತಿಳಿಯುತ್ತದೆ, ನನಗೆ ಸುಮ್ಮನಿರು ಅನ್ನುತ್ತಿದ್ದಾರೆ ಎಂದು ಹೇಳಿದರೆ ಅದೂ ಸುಧಾರಣೆಯಾಗುತ್ತದೆ.

"ಏನಿಲ್ರಿ," ಅಂದಳು. "ಹಂಗ ಏನರೆ ಅಂತಿರ್ತಾರ. ಅದಕ್ಕ ಅರ್ಥ ಇಲ್ಲ."

"ಕಾಹೀ ನಾಹೀ," ಅಂದಳು ಸುಲೋಚನಾ.

ಮನೆಯವರನ್ನು ಗುರುತು ಹಿಡಿಯುತ್ತಾರೆಯೇ ಎಂಬುದು ಕೊನೆಯ ಪ್ರಶ್ನೆ. ಹೇಳಲು ಶುರುಮಾಡಿದವಳು ಅರ್ಧಕ್ಕೆ ನಿಲ್ಲುವಂತಿರಲಿಲ್ಲ. ಕೋಲೆತ್ತಿದ ಸಂಜೆಯ ಸಂಗತಿಯನ್ನು ನಾಗವೇಣಿ ಹೇಳಿದಳು. ಸುಲೋಚನಾ ಕೇಳುತ್ತ ನಿಂತಳು. ಸಕ್ಕರೆ ತರಲು ಹೋದದ್ದು ಅವಳಿಗೆ ನೆನಪಿತ್ತು. ಈ ಸಲ ಅವಳು ಮರಾಠಿಗೆ ತಿರುಗಿಸಲಿಲ್ಲ. ನಡುವಿನವರು, "ಸಾಂಗ್ ಬಾಳಾ," ಅಂದರು. ಹೇಳು ಮಗೂ.

"ಮಾಝ್ಯಾ ವಡಿಲಾಂನೀ ಮಲಾ ಓಳಖಲಂ ನಾಹೀ," ಅಂದಳು ಸುಲೋಚನಾ. ನನ್ನ ಅಪ್ಪನಿಗೆ ನನ್ನ ಗುರುತು ಸಿಗಲಿಲ್ಲ. ಅಷ್ಟು ಹೇಳಿ ಸಮವಸ್ತ್ರದ ತೋಳಿನಿಂದ ಮೂಗು ಒರೆಸಿಕೊಂಡಳು.

ಡಾಕ್ಟರಮ್ಮ ನೀರಿನ ಲೋಟವನ್ನು ಹುಡುಗಿಯ ಕಡೆ ಸರಿಸಿದರು. ಪಕ್ಕದವರು ಪೆನ್ನಿನ ಮುಚ್ಚಳ ತೆಗೆದು ಬರೆಯತೊಡಗಿದರು. ಆಗ ನಾಗವೇಣಿ ಗಂಡನನ್ನು ನೋಡಿದಳು. ಅವನು ಸಿಟ್ಟಿನಲ್ಲಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಅವನು ಮಗಳನ್ನು ನೋಡುತ್ತಿದ್ದ. ಎಡಗೈ ತೊಡೆಯ ಮೇಲಿನ ಬಟ್ಟೆಯನ್ನು ಎಳೆದೆಳೆದು ಸರಿ ಮಾಡುತ್ತಿತ್ತು, ಈಗಲೂ ಅಲ್ಲಿ ಏನೋ ಒದ್ದೆಯಾಗಿದೆಯೇನೋ ಎಂಬಂತೆ.

ತೊಂಬತ್ತು ಅಂತ ಬಂತು. ಅದೂ ತಾತ್ಕಾಲಿಕವೇ; ಮತ್ತೆರಡು ವರ್ಷಕ್ಕೆ ಕೊನೆಯ ಪರೀಕ್ಷೆ. ಲೀಲಾಧರ ಪೇಡೆ ತಂದಿದ್ದರು. ಕೊಡುವಾಗ ಮನೆಯಲ್ಲಿ ಯಾರ ಮುಖದಲ್ಲೂ ಗೆಲುವಿಲ್ಲದ್ದನ್ನು ಕಂಡು ಡಬ್ಬಿಯನ್ನು ಮೂಲೆಯಲ್ಲಿಟ್ಟು ಹೋದರು.

ಅಪೀಲಿನ ಮರುದಿನವೇ ನಾಗವೇಣಿ ಎದ್ದು ನೋಡುವಾಗ ಚಾದರ ಇರಲಿಲ್ಲ. ಹೊರಗೆ ನಳದ ಹತ್ತಿರ, ನೆರೆಯ ಹೆಂಗಸರ ನಡುವೆಯೇ, ಸುಲೋಚನಾ ಅದನ್ನು ತಿಕ್ಕುತ್ತಿದ್ದಳು.

"ನೀ ಬಿಡು, ನಾ ಒಗಿತೀನಿ," ಅಂದಳು ನಾಗವೇಣಿ.

"ರಾಹೂ ದೇ," ಅಂದಳು ಹುಡುಗಿ. ಇರಲಿ ಬಿಡು. ತಲೆಯೆತ್ತಲಿಲ್ಲ.

ಅಂದಿನಿಂದ ಶಂಕ್ರೆಪ್ಪ ಒಂದೊಂದಾಗಿ ಬಿಡುತ್ತ ಬಂದ. ಮೊದಲು ಓಣಿಯ ತುದಿಗೆ ಹೋಗುವುದನ್ನು ಬಿಟ್ಟ. ಆಮೇಲೆ ಅಂಗಿ ಕೊಟ್ಟರೆ ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತ, ಅವಳೇ ತೊಡಿಸಿದಳು. ಮಧ್ಯಾಹ್ನ ಬಾಗಿಲು ಮುಂದಕ್ಕೆ ಮಾಡಿ ಎದುರು ಕುಳಿತು ಅವಳು ಹೊಸ ಮಾತು ಕಲಿಸಲು ನೋಡಿದರೆ ಅವನು ಅವಳ ಬಾಯಿಯನ್ನು ನೋಡುತ್ತಿರಲಿಲ್ಲ. ಹಟವಾದರೂ ಆಗಿದ್ದರೆ ಅವಳು ಜಗಳ ಮಾಡುತ್ತಿದ್ದಳು. ಅವಳು ಬೋರ್ಡಿನ ಮುಂದೆ ಹೇಳಿದ್ದನ್ನು ಅವನು ನಂಬಿಬಿಟ್ಟಂತೆ ಇತ್ತು.

"ಹೊಟ್ಟಿ ಸಲುವಾಗಿ ಹೇಳೀನ್ರಿ," ಅಂದಳು ಒಂದು ದಿನ, ಅವನ ಕಾಲ ಹತ್ತಿರ ಕುಳಿತು. "ನಿಮ್ಮ ಗುಳಿಗಿ ಸಲುವಾಗಿ. ಗಿಣಿ ಅಂದೆ, ಕೂಸು ಅಂದೆ. ನನ್ನ ಮನಸಿನ್ಯಾಗ ಹಂಗಿಲ್ರಿ. ಒಂದ್ ಏಟು ಹೊಡೀರಿ ಬೇಕಾರ."

ಅವನು ಎಡಗೈ ಎತ್ತಿದ. ಅವಳ ತಲೆಯ ಮೇಲಿಟ್ಟ. ಸ್ವಲ್ಪ ಹೊತ್ತು ಇಟ್ಟು ತೆಗೆದ. ಕ್ಷಮಿಸಿದನೋ, ಸಾಕು ಮಾಡು ಅಂದನೋ ಅವಳಿಗೆ ತಿಳಿಯಲಿಲ್ಲ. ಹೆಸರು ಹೇಳಿರೆಂದು ಅವಳು ಎಷ್ಟು ಬೇಡಿಕೊಂಡರೂ ಅವನ ತುಟಿ ಅಲುಗಲಿಲ್ಲ.

ತೊಂಬತ್ತೆಂಟರಲ್ಲಿ ಕೊನೆಯ ಪರೀಕ್ಷೆಗೆ ಕರೆ ಬಂತು. ಸುಲೋಚನಾ ಅಷ್ಟರಲ್ಲಿ ಶಾಲೆ ಬಿಟ್ಟು ಕಲ್ಯಾಣದ ಒಂದು ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ರಜೆ ಹಾಕಿ ಬಂದಳು. ಈ ಸಲ ಹೇಳುವುದಕ್ಕೆ ಏನೂ ಬೇಕಾಗಲಿಲ್ಲ. ಹೆಸರು ಕೇಳಿದರು, ಅವನು ಕಿಟಕಿಯ ಕಡೆ ನೋಡಿದ. ಬಲಗೈ ಎತ್ತಲು ಹೇಳಿದರು, ಆಗಲಿಲ್ಲ. ಎಡಗೈ ಎತ್ತಲು ಹೇಳಿದರು. ಸ್ವಸ್ಥವಾಗಿದ್ದ ಆ ಕೈಯನ್ನೂ ಅವನು ಎತ್ತಲಿಲ್ಲ. ಅದು ಎದ್ದೇಳುತ್ತದೆಂದು ಆ ಕೋಣೆಯಲ್ಲಿ ಗೊತ್ತಿದ್ದದ್ದು ಅವ್ವ ಮಗಳಿಬ್ಬರಿಗೇ. ಏನಾದರೂ ಸುಧಾರಣೆ ಇದೆಯೇ ಎಂದು ಡಾಕ್ಟರು ಕೇಳಿದರು.

"ಇಲ್ರಿ," ಅಂದಳು ನಾಗವೇಣಿ. ಅದು ಸುಳ್ಳೋ ನಿಜವೋ ಅವಳಿಗೇ ಗೊತ್ತಿರಲಿಲ್ಲ.

ಹೊರಗೆ ಬಂದಾಗ ಲೀಲಾಧರ, "ಆಯ್ತು, ಕಾಯಂ ಆಯ್ತು. ಇನ್ನು ಯಾವ ಬೋರ್ಡಿಗೂ ಬರ್ಲಿಕ್ಕಿಲ್ಲ. ಇವರು ಇರುವಷ್ಟು ದಿನ ಹಣ ಬರ್ತದೆ, ಯಾರೂ ಮುಟ್ಟುದಿಲ್ಲ," ಅಂದರು. ರಿಕ್ಷಾ ಖಾಡಿಯ ಸೇತುವೆ ದಾಟುವಾಗ ನಾಗವೇಣಿ ಗಂಡನ ಕಿವಿಯ ಹತ್ತಿರ ಬಾಗಿ ಹೇಳಿದಳು: "ಕೇಳಿದ್ರಿಲ್ಲೊ? ಇನ್ನ ಯಾರೂ ಕಸಗೊಳ್ಳಂಗಿಲ್ಲ. ಇನ್ನ ನೀವು ಬೇಕಾದಷ್ಟು ಆರಾಮ ಆಗಬಹುದ್ರಿ." ಅವನು ನೀರು ನೋಡುತ್ತ ಕುಳಿತಿದ್ದ. ಆ ಬದಿಯಲ್ಲಿ ಕುಳಿತಿದ್ದ ಸುಲೋಚನಾ ಅಪ್ಪನ ಭುಜದ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿಕೊಂಡಳು.

ಅವನು ಆರಾಮ ಆಗಲಿಲ್ಲ. ಮರುವರ್ಷ ಸಂಕ್ರಾಂತಿ ಆದ ಮೇಲೆ ಒಂದು ಬೆಳಿಗ್ಗೆ ಒಂದರ ಮೇಲೊಂದು ಫಿಟ್ಸ್ ಬಂದು, ಆಸ್ಪತ್ರೆಗೆ ಒಯ್ಯುವ ದಾರಿಯಲ್ಲಿಯೇ ಜೀವ ಹೋಯಿತು. ಮಣ್ಣು ಮುಗಿಸಿ, ಊರಿನಿಂದ ಬಂದವರು ಹಿಂತಿರುಗಿದ ಮೇಲೆ, ಒಂದು ಭಾನುವಾರ ಲೀಲಾಧರ ಬಂದರು. ನೆಲದ ಮೇಲೆ ಕುಳಿತರು. ಚೀಲದಿಂದ ಕಾಗದ ತೆಗೆದರು.

"ಈಗ ಇದನ್ನು ಹೇಳ್ಬೇಕಾ ಅಂತ ನನಗೇ ಬೇಜಾರು. ಆದ್ರೆ ಗಡುವು ಉಂಟು. ಅವರ ಹಣ ಅವರೊಟ್ಟಿಗೆ ನಿಂತಿತು. ಆ ಪೆಟ್ಟಿನಿಂದಲೇ ತೀರಿಕೊಂಡದ್ದು ಅಂತ ಆದ್ರೆ ನಿಮಗೆ, ಸುಲೋಚನಾಗೆ ಪಿಂಚಣಿ ಬರ್ತದೆ. ಅದಕ್ಕೆ ಮತ್ತೆ ವಿಚಾರಣೆ ಉಂಟು."

"ಏನ್ ಕೇಳ್ತಾರ್ರಿ?"

ಲೀಲಾಧರ ಕಾಗದ ನೋಡುತ್ತ ಹೇಳಿದರು. "ಕೊನೆಕೊನೆಗೆ ಹೇಗಿದ್ರು ಅಂತ. ಫಿಟ್ಸ್ ಎಷ್ಟು ಬರ್ತಿತ್ತು, ಬುದ್ಧಿ ಸರಿ ಇತ್ತಾ, ಹಾಸಿಗೆಯಲ್ಲೇ... ಆ ಎಲ್ಲ. ಈ ಸಲ ನಾನು ಒಳಗೆ ಬರುವ ಹಾಗೆ ಪರವಾನಗಿ ತೆಗೀತೇನೆ."

ಮೂಲೆಯಲ್ಲಿ ಬಟ್ಟೆ ಮಡಚುತ್ತಿದ್ದ ಸುಲೋಚನಾ ಹತ್ತಿರ ಬಂದು ಕುಳಿತಳು. "ಅವ್ವಾ, ಮೀ ಬೋಲತೆ. ನಾನ ಮಾತಾಡ್ತೀನಿ. ತೂ ನಕೋ ಯೇಊಸ್, ನೀ ಬರಬ್ಯಾಡ." ಅವಳು ಅಷ್ಟು ಕನ್ನಡ ಆಡಿ ವರ್ಷಗಳಾಗಿದ್ದವು.

"ಬ್ಯಾಡ ಮಗಾ," ಅಂದಳು ನಾಗವೇಣಿ. "ನೀ ಒಮ್ಮೆ ಹೇಳಿದ್ದ ಸಾಕು." ಆಮೇಲೆ ಲೀಲಾಧರರ ಕಡೆ ತಿರುಗಿದಳು. "ಅಣ್ಣಾರ, ನೀವು ನಮಗ ಭಾಳ ಮಾಡೀರಿ. ನಿಮ್ಮ ಮಾತು ತಪ್ಪಲ್ಲ. ಆದರ ನಾ ಇನ್ನ ಅವರ ಬಗ್ಗೆ ಹಂಗ ಮಾತಾಡಂಗಿಲ್ರಿ. ಬದುಕಿದ್ದಾಗ ಅವರ ಎದುರಿಗೆ ಕುಂತು ಆಡೀನಿ. ಸತ್ತ ಮ್ಯಾಲೂ ಆಡ್ಲೇನ್ರಿ?"

"ಇದು ಹಕ್ಕು ತಾಯಿ. ಹುಡುಗಿಯ ಮದುವೆ ಆಗ್ಬೇಕು."

"ಹೌದ್ರಿ. ಆಗ್ಬೇಕು."

"ಮತ್ತೆ?"

"ರೊಟ್ಟಿ ಬಡಿತೀನ್ರಿ," ಅಂದಳು ಅವಳು. "ಕೇಳೂದಿದ್ರ ಅವರು ಇಲ್ಲಿಗೆ ಬಂದು ಕೇಳ್ಲಿ, ನಮ್ಮ ಮನಿಯವರು ಹ್ಯಾಂಗಿದ್ರು ಅಂತ. ಜೋಳದ ಚೀಲ ಒಂದ ಕೈಲೆ ಬೆನ್ನಿಗೇರಸ್ತಿದ್ರು. ಈ ಹುಡುಗಿ ಹುಟ್ಟಿದಾಗ ಹೆಣ್ಣಾತು ಅಂತ ಅತ್ತೆಮ್ಮ ಮಾರಿ ತಿರುವಿದ್ರ, ಇವರು ಓಣಿ ತುಂಬ ಬೆಲ್ಲ ಹಂಚಿದ್ರು. ಅದನ್ನ ಬರಕೊಳ್ಳೂಹಂಗಿದ್ರ ನಾ ದಿನಾ ಬರ್ತೀನ್ರಿ ಬೋರ್ಡಿಗೆ."

ಬೆಲ್ಲ ಹಂಚಿದ್ದು ಸುಲೋಚನಾಳಿಗೆ ಗೊತ್ತಿರಲಿಲ್ಲ. ಅವಳು ಅವ್ವನ ಮುಖವನ್ನೇ ನೋಡುತ್ತ, "ಖರೇನಾ?" ಅಂದಳು.

"ಖರೇನ."

ಲೀಲಾಧರ ಕಾಗದಗಳನ್ನು ಮಡಚಿ ಚೀಲದಲ್ಲಿಟ್ಟುಕೊಂಡರು. ಚಹಾ ಕುಡಿದು, ಮನಸ್ಸು ಬದಲಾದರೆ ಹೇಳಿ ಕಳಿಸಿ ಎಂದು ಹೇಳಿ ಹೋದರು. ಆಮೇಲೆಯೂ ಎರಡು ಸಲ ಬಂದು ಕೇಳಿದರು. ಹೋಳಿ ಹುಣ್ಣಿಮೆ ಕಳೆದು ಬಿಸಿಲು ಏರುವ ಹೊತ್ತಿಗೆ ಅರ್ಜಿಯ ಗಡುವು ಮುಗಿಯಿತು. ನಾಗವೇಣಿ ಇನ್ನೊಂದು ಒಲೆ ಹಾಕಿ ರಬಾಳೆಯ ಕೂಲಿಯವರಿಗೂ ರೊಟ್ಟಿ ಕಳಿಸಲು ಶುರುಮಾಡಿದಳು. ಸಂಜೆ ಕಲ್ಯಾಣದಿಂದ ಬಂದ ಸುಲೋಚನಾ ಕೈಕಾಲು ತೊಳೆದುಕೊಂಡು ಒಲೆಯ ಹತ್ತಿರ ಕೂರುತ್ತಿದ್ದಳು. ಅಪ್ಪನದು ಇನ್ನೊಂದು ಹೇಳು ಅನ್ನುತ್ತಿದ್ದಳು. ನಾಗವೇಣಿ ಹೇಳಲು ಶುರುಮಾಡುತ್ತಿದ್ದಳು. ಕೆಲವು ದಿನ ಪೂರ್ತಿ ಹೇಳುವುದು ಆಗುತ್ತಿತ್ತು, ಕೆಲವು ದಿನ ಆಗುತ್ತಿರಲಿಲ್ಲ.